ಕಾರ್ ಲೋನ್ ಅನುಭವ: 7 ಪರ್ಸೆಂಟಿಗಿಂತ 9 ಪರ್ಸೆಂಟ್ ಅಗ್ಗವಾದ ಕತೆ

ನಮ್ಮ ಅಂಗಡಿಯ ಬಿಲ್ ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಎರಡು ಸಾಲು ಬರೆದಿಟ್ಟಿದ್ದೇನೆ. ಮೊದಲನೆಯದು, 7 ಪರ್ಸೆಂಟ್, ಲಕ್ಷಕ್ಕೆ ತಿಂಗಳ ಕಂತು 2,250. ಎರಡನೆಯದು, 9 ಪರ್ಸೆಂಟ್, ಲಕ್ಷಕ್ಕೆ ತಿಂಗಳ ಕಂತು 2,076. ಎರಡೂ 5 ವರ್ಷದ ಸಾಲ, ಎರಡೂ ಕಾರಿಗೇ. ಬಡ್ಡಿ ಕಡಿಮೆ ಅಂದವರ ಕಂತು ಜಾಸ್ತಿ. ಬಡ್ಡಿ ಜಾಸ್ತಿ ಅಂದವರ ಕಂತು ಕಡಿಮೆ. ಇದು ಹೇಗೆ ಅಂತ ತಲೆಗೆ ಹೋಗೋಕೆ ನನಗೆ ಒಂದು ರಾತ್ರಿ, ಮಗಳ ಕ್ಯಾಲ್ಕುಲೇಟರ್ ಮತ್ತು ಎರಡು ಲೋಟ ಕಾಫಿ ಹಿಡಿಯಿತು.

ನಾನು ತಿಪಟೂರಿನಲ್ಲಿ ಮೋಟರ್ ವೈಂಡಿಂಗ್ ಮಾಡುವವನು. ಜೊತೆಗೆ ಒಂದೂವರೆ ಎಕರೆ ತೆಂಗಿನ ತೋಟ ಇದೆ. ಕಳೆದ ವರ್ಷ ಕಾರು ತಗೊಂಡೆ. ಕಾರಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸಾಲದ ಬಗ್ಗೆ, ಅಂದರೆ ಆ ಮೇಜಿನ ಮುಂದೆ ಕೂತಾಗ ಏನೇನು ನಡೆಯುತ್ತದೆ ಅನ್ನೋದರ ಬಗ್ಗೆ ಬರೆಯುವವರು ಕಡಿಮೆ. ಅದಕ್ಕೇ ಇದು. ಮೂರು ಕಡೆ ವಿಚಾರಿಸಿದೆ. ತುಮಕೂರಿನ ಒಂದು ಸೆಕೆಂಡ್ ಹ್ಯಾಂಡ್ ಕಾರ್ ಯಾರ್ಡ್, ಒಂದು ಶೋರೂಮ್, ನಮ್ಮೂರಿನ ಒಂದು ಸರ್ಕಾರಿ ಬ್ಯಾಂಕ್. ಹೆಸರು ಯಾರದ್ದೂ ಹಾಕುವುದಿಲ್ಲ. ಎಲ್ಲರೂ ಮುಂದೆಯೂ ಎದುರು ಸಿಗುವವರೇ.

ಕಾರು ಯಾಕೆ ಬೇಕಾಯ್ತು ಅಂತ ಮೊದಲು ಹೇಳಿಬಿಡುತ್ತೇನೆ. ನನ್ನ ಹತ್ತಿರ ಇದ್ದದ್ದು 2010ರ ಆಲ್ಟೊ. 2015ರಲ್ಲಿ ಸೆಕೆಂಡ್ ಹ್ಯಾಂಡಾಗಿ ತಗೊಂಡಿದ್ದು. ಆಗ ಪೂರ್ತಿ ನಗದು ಕೊಟ್ಟಿದ್ದೆ, ಸಾಲದ ಗೋಜೇ ಇರಲಿಲ್ಲ. ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ ಅಲ್ವಾ, ಅದು 2025ರ ನವೆಂಬರ್‌ಗೆ ಮುಗಿಯುವುದರಲ್ಲಿತ್ತು. ನವೀಕರಿಸಿದರೆ ಇನ್ನೂ 5 ವರ್ಷ ಓಡಿಸಬಹುದು. ಆದರೆ ಶುಲ್ಕವೇ 5,000. 2022ಕ್ಕೆ ಮುಂಚೆ ಇದು 600 ಇತ್ತು. ಶುಲ್ಕ ಹೋಗಲಿ ಅನ್ನಿ. ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸುವ ಸ್ಥಿತಿಗೆ ತರಬೇಕಲ್ಲ. ಎಡಗಡೆ ಬಾಗಿಲಿನ ಕೆಳಗೆ ತುಕ್ಕು ತಿಂದು ರಸ್ತೆ ಕಾಣುತ್ತಿತ್ತು. ಟಿಂಕರಿಂಗ್, ಪೇಂಟು, ನಾಲ್ಕು ಟೈರು ಎಲ್ಲಾ ಸೇರಿ ಮೆಕ್ಯಾನಿಕ್ ಹೇಳಿದ್ದು 35 ಸಾವಿರ. ಕಾರಿನ ಬೆಲೆಯೇ ಅದಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ.

ದುಡ್ಡು ಇರಲಿಲ್ಲವಾ ಅಂದರೆ ಇತ್ತು. 2025ರಲ್ಲಿ ಕೊಬ್ಬರಿ ರೇಟು ನಮ್ಮ ಕಡೆಯವರು ಕನಸಲ್ಲೂ ಕಾಣದ ಹಾಗೆ ಏರಿತ್ತು. ಕ್ವಿಂಟಾಲಿಗೆ 20 ಸಾವಿರ ದಾಟಿ ಮುಂದೆ ಹೋಗಿತ್ತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಉಂಡೆ ಕೊಬ್ಬರಿ ಇಳಿಸಿ, ಸುಲಿಸಿ, ಮಾರ್ಕೆಟ್ಟಿಗೆ ಹಾಕಿದಾಗ ಕೈಗೆ ಚೆನ್ನಾಗಿಯೇ ಬಂತು. ಅದಕ್ಕೆ ಅಂಗಡಿಯ ಉಳಿತಾಯ, ಚೀಟಿ ದುಡ್ಡು ಸೇರಿಸಿದರೆ ಒಂದು ಸಣ್ಣ ಕಾರು ಪೂರ್ತಿ ನಗದಿಗೇ ಬರುತ್ತಿತ್ತು. ನಮ್ಮ ಭಾವ ಅದನ್ನೇ ಹೇಳಿದರು. "ಸಾಲ ಯಾಕೆ ಮೈಮೇಲೆ ಎಳ್ಕೊಳ್ತೀಯಾ, ಕೊಟ್ಟು ಬಿಸಾಕು."

ಅಲ್ಲೇ ನಾನು ಎರಡು ದಿನ ಯೋಚನೆ ಮಾಡಿದ್ದು. 2023ರಲ್ಲಿ ಇದೇ ಕೊಬ್ಬರಿ 8-9 ಸಾವಿರಕ್ಕೆ ಬಿದ್ದಿತ್ತು. ಬೆಂಬಲ ಬೆಲೆಗಿಂತಲೂ ಕೆಳಗೆ. ಆಗ ಬೀದಿಗಿಳಿದು ಕೂಗಿದವರಲ್ಲಿ ನಾನೂ ಒಬ್ಬ. ಹೀಗೆ ಏರಿಳಿಯುವ ದುಡ್ಡನ್ನು ನಂಬಿ ಕೈ ಖಾಲಿ ಮಾಡಿಕೊಳ್ಳುವುದು ಹೇಗೆ? ಇನ್ನೊಂದು, ನನ್ನ ಕೆಲಸದ ಸೀಸನ್ನು ಫೆಬ್ರವರಿಯಿಂದ ಮೇ ತನಕ. ಬೇಸಿಗೆ ಬಂತು, ವೋಲ್ಟೇಜ್ ಬಿತ್ತು, ಮೋಟರ್ ಸುಟ್ಟಿತು ಅಂದರೆ ರೈತ ಆವತ್ತೇ ಬೇಕು ಅನ್ನುತ್ತಾನೆ. ಜನವರಿಯಲ್ಲೇ ತಾಮ್ರದ ವೈಂಡಿಂಗ್ ವೈರ್ ತುಂಬಿಸಿಟ್ಟುಕೊಳ್ಳಬೇಕು. ವೈರ್ ಅಂಗಡಿಯವರು ನಗದಿಗೆ ಒಂದು ರೇಟು, ಉದ್ರಿಗೆ ಒಂದು ರೇಟು ಇಟ್ಟಿರುತ್ತಾರೆ. ಆ ಎರಡರ ನಡುವಿನ ವ್ಯತ್ಯಾಸ ಕಾರ್ ಸಾಲದ ಬಡ್ಡಿಗಿಂತ ಜಾಸ್ತಿ. ಹಾಗಾಗಿ ಒಂದಿಷ್ಟು ಕೈಯಿಂದ ಹಾಕುವುದು, ಮಿಕ್ಕಿದ್ದು ಸಾಲ ಮಾಡುವುದು ಅಂತ ತೀರ್ಮಾನವಾಯ್ತು. ತಿಂಗಳ ಸಂಬಳದವರಿಗೆ ಈ ಲೆಕ್ಕ ಬೇರೆ ಬರಬಹುದು. ನನ್ನಂಥವರಿಗೆ ಇದು.

ಬಂಗಾರ ಅಡ ಇಟ್ಟರೆ ಬಡ್ಡಿ ಕಡಿಮೆ ಅಂತ ಒಂದು ಸಲ ಬಾಯಿ ಬಿಟ್ಟೆ. 10 ಗ್ರಾಮಿಗೆ ಲಕ್ಷ ದಾಟಿದ ಕಾಲ, ಬೆಲೆಯ ಮುಕ್ಕಾಲು ಭಾಗ ಸಾಲ ಸಿಗುತ್ತದೆ ಅಂತ ವಿವರಿಸುತ್ತಿದ್ದೆ. ನಮ್ಮನೆಯವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು. "ಏನ್ರೀ, ಮಗಳ ಮದುವೆಗೆ ಇಟ್ಟಿರೋದನ್ನ ಟೈರಿಗೆ ಹಾಕ್ತೀರಾ?" ಆ ವಿಷಯ ಅಲ್ಲಿಗೇ ಮುಗಿಯಿತು.

ಮೊದಲು ಹೋಗಿದ್ದು ಯಾರ್ಡಿಗೆ. ಹೊಸ ಕಾರು ಶೋರೂಮಿನಿಂದ ಆಚೆ ಬಂದ ದಿನವೇ ಬೆಲೆ ಇಳಿಯುತ್ತದೆ, ಮೂರು ವರ್ಷ ಓಡಿದ್ದು ತಗೊಂಡರೆ ಆ ನಷ್ಟ ಬೇರೆಯವರದ್ದು ಅಂತ ನನ್ನ ಲೆಕ್ಕ. 2022ರ ವ್ಯಾಗನ್ ಆರ್ ಒಂದು ನಿಂತಿತ್ತು. ಬಿಳಿ ಬಣ್ಣ, ಒಬ್ಬರೇ ಓನರು, 41 ಸಾವಿರ ಕಿಲೋಮೀಟರ್. ಕೇಳಿದ್ದು 5,40,000. ಗಾಡಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಾನೆಟ್ ಎತ್ತಿ ನೋಡಿದೆ, ಬೋಲ್ಟಿನ ಪೇಂಟು ಎಲ್ಲೂ ಕಿತ್ತಿರಲಿಲ್ಲ. ಅಂದರೆ ಮುಂದೆ ಡಿಕ್ಕಿ ಆಗಿಲ್ಲ ಅಂತ.

ಅಲ್ಲೇ ಮೂಲೆಯಲ್ಲಿ ಒಂದು ಮೇಜು. ಫೈನಾನ್ಸ್ ಹುಡುಗ. ಇಸ್ತ್ರಿ ಶರ್ಟು, ಎರಡು ಫೋನು. "ಎಷ್ಟು ಬೇಕು ಸರ್?" ಅಂದ. 4 ಲಕ್ಷ ಅಂದೆ. "ಬರೀ 7 ಪರ್ಸೆಂಟ್ ಸರ್, ಬ್ಯಾಂಕಲ್ಲೂ ಸಿಗಲ್ಲ. ನಾಳೇನೇ ಗಾಡಿ ತಗೊಂಡು ಹೋಗಿ." ಫೋನಿನಲ್ಲಿ ಟಕಟಕ ಒತ್ತಿ ತೋರಿಸಿದ. ತಿಂಗಳಿಗೆ 9,000. 5 ವರ್ಷ. ದುಂಡಗಿನ ಸಂಖ್ಯೆ ನೋಡಿ ನನಗೂ ಖುಷಿಯಾಯ್ತು. ಬ್ಯಾಂಕಿನವರು 9 ಪರ್ಸೆಂಟ್ ಅಂತ ಹಿಂದಿನ ವಾರವಷ್ಟೇ ಹೇಳಿದ್ದರು. ಎರಡು ಪರ್ಸೆಂಟ್ ಉಳೀತು ಅಂದುಕೊಂಡು ಬಸ್ ಹತ್ತಿದೆ.

ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. 9,000 ಗುಣಿಸು 60, ಅಂದರೆ 5,40,000. ಕಾರಿನ ಬೆಲೆಯೂ 5,40,000! ನಾನು ತಗೊಳ್ಳುವುದು 4 ಲಕ್ಷ ಸಾಲ, ಕಟ್ಟುವುದು ಇಡೀ ಕಾರಿನಷ್ಟು. ಮೇಲೆ ಕೈಯಿಂದ ಕೊಡುವ 1,40,000 ಬೇರೆ. ಆಮೇಲೆ ಮಗಳನ್ನು ಕರೆದು ಬ್ಯಾಂಕಿನ 9 ಪರ್ಸೆಂಟಿಗೆ ಕಂತು ನೋಡು ಅಂದೆ. 4 ಲಕ್ಷಕ್ಕೆ ತಿಂಗಳಿಗೆ 8,303. ಅವಳು ಎರಡು ಸಲ ಮಾಡಿದಳು. ಮೂರನೇ ಸಲ ನಾನು ಮಾಡಿದೆ. ಅಷ್ಟೇ ಬಂತು.

ಗುಟ್ಟು ಇಷ್ಟೇ. ಆ ಹುಡುಗ ಹೇಳಿದ್ದು ಫ್ಲಾಟ್ ರೇಟ್. ಲಕ್ಷಕ್ಕೆ ವರ್ಷಕ್ಕೆ 7 ಸಾವಿರ ಬಡ್ಡಿ, 5 ವರ್ಷಕ್ಕೆ 35 ಸಾವಿರ. ಅದನ್ನು ಮೊದಲ ದಿನವೇ ಅಸಲಿಗೆ ಸೇರಿಸಿ 1,35,000 ಮಾಡಿ, 60ರಿಂದ ಭಾಗಿಸುತ್ತಾರೆ. 2,250. ನಾನು ನಾಲ್ಕು ವರ್ಷ ಕಟ್ಟಿ, ಅಸಲು 25 ಸಾವಿರಕ್ಕೆ ಇಳಿದಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ. ನಮ್ಮ ಅಂಗಡಿಯಿಂದ ಹತ್ತು ಮೋಟರ್ ಬಾಡಿಗೆಗೆ ಒಯ್ದವನು ಎಂಟು ವಾಪಸ್ ತಂದಿಟ್ಟ ಮೇಲೂ ಹತ್ತಕ್ಕೆ ಬಾಡಿಗೆ ಕೊಟ್ಟ ಹಾಗೆ. ಬ್ಯಾಂಕಿನದ್ದು ರೆಡ್ಯೂಸಿಂಗ್. ಎಷ್ಟು ಅಸಲು ಉಳಿದಿದೆಯೋ ಅಷ್ಟಕ್ಕೆ ಮಾತ್ರ ಬಡ್ಡಿ. ಆ 7 ಪರ್ಸೆಂಟ್ ಫ್ಲಾಟನ್ನು ಬ್ಯಾಂಕಿನ ಭಾಷೆಗೆ ತಿರುಗಿಸಿದರೆ ಎಷ್ಟು ಗೊತ್ತಾ? ಹೆಚ್ಚೂ ಕಡಿಮೆ ಹನ್ನೆರಡೂವರೆ ಪರ್ಸೆಂಟ್.

ಮಾರನೇ ದಿನ ಫೋನ್ ಮಾಡಿ "ಇದು ಫ್ಲಾಟಾ, ರೆಡ್ಯೂಸಿಂಗಾ?" ಅಂತ ಕೇಳಿದೆ. "ಸರ್, ನೀವು ಕಂತು ನೋಡಿ ಸರ್, ರೇಟ್ ಬಿಡಿ" ಅಂದ. ಕಂತು ನೋಡಿಯೇ ಕೇಳುತ್ತಿದ್ದೇನಪ್ಪಾ ಅಂದೆ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ, ಕೊಡು ಅಂದೆ. ಇದು ನಿಮಗೂ ಗೊತ್ತಿರಲಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಸಹಿ ಹಾಕುವ ಮೊದಲೇ ಈ ಹಾಳೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಬ್ಯಾಂಕಾದರೂ ಸರಿ, ಫೈನಾನ್ಸ್ ಕಂಪನಿಯಾದರೂ ಸರಿ. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಫೀಸು, ಇತರೆ ಖರ್ಚು ಎಲ್ಲಾ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ. ಫ್ಲಾಟ್ ಮಾತು ಅಲ್ಲಿ ನಡೆಯಲ್ಲ. ಹುಡುಗ "ಸ್ಯಾಂಕ್ಷನ್ ಆದ್ಮೇಲೆ ಬರುತ್ತೆ ಸರ್" ಅಂದ. ಆಮೇಲೆ ಅವನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಯಾರ್ಡಿನ ಕಾರುಗಳಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಮೂಲೆಯ ಮೇಜಿಗೆ ಒಂದು. ಅದೂ ಅವನು ಟೀ ತರಿಸಿಕೊಟ್ಟಿದ್ದಕ್ಕೆ.

ಇಷ್ಟರಲ್ಲಿ ಇನ್ನೊಂದು ಬೆಳವಣಿಗೆ ಆಯ್ತು. ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಜಿಎಸ್‌ಟಿ ಇಳಿಸುವ ಮಾತಾಡಿದರು. ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಸೆಸ್ ಸೇರಿ 29 ಪರ್ಸೆಂಟ್ ಇದ್ದದ್ದು 18 ಆಯ್ತು. ಸಣ್ಣದು ಅಂದರೆ ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲಾದರೆ 1,200 ಸಿಸಿ ಒಳಗೆ. ಮೊದಲು ಲಕ್ಷ ಇದ್ದ ಬೆಲೆಯಲ್ಲಿ ಸುಮಾರು 8,500 ಇಳಿಯುತ್ತದೆ. ಹೊಸ ವ್ಯಾಗನ್ ಆರ್ ಶೋರೂಮ್ ಬೆಲೆ 5 ಲಕ್ಷದ ಒಳಗೇ ಶುರುವಾಯ್ತು. ಆದರೆ ಯಾರ್ಡಿನವನು ಹಳೇ ಬೆಲೆ ಬೋರ್ಡನ್ನೇ ಇಟ್ಟುಕೊಂಡಿದ್ದ. ಹೊಸದರ ಬೆಲೆ ಕೆಳಗಿಳಿದು ಹಳೇದರ ಪಕ್ಕಕ್ಕೆ ಬಂದು ನಿಂತ ಹಾಗಾಯ್ತು.

ಆದರೂ ಪ್ರಾಮಾಣಿಕವಾಗಿ ಹೇಳಬೇಕು ಅಂದರೆ, ಬರೀ ದುಡ್ಡಿನ ಲೆಕ್ಕದಲ್ಲಿ ಗೆದ್ದಿದ್ದು ಹಳೇ ಕಾರೇ. ಆ ದುಬಾರಿ ಬಡ್ಡಿ ಕಟ್ಟಿದರೂ ಯಾರ್ಡಿನದ್ದಕ್ಕೆ ಒಟ್ಟು 6,80,000 ಆಗುತ್ತಿತ್ತು. ಹೊಸದಕ್ಕೆ ಬಡ್ಡಿ ಸೇರಿ ನನಗೆ ಆಗುವುದು 8,40,000ದ ಹತ್ತಿರ. ಆದರೆ ಸಾಲ ತೀರುವ ಹೊತ್ತಿಗೆ ಅದು ಎಂಟು ವರ್ಷದ ಗಾಡಿ, ಇದು ಐದು ವರ್ಷದ್ದು. ಮಾರಿದರೆ ಅರ್ಧ ವ್ಯತ್ಯಾಸ ಅಲ್ಲೇ ವಾಪಸ್ ಬರುತ್ತದೆ ಅಂತ ನನ್ನ ಅಂದಾಜು. ಮಿಕ್ಕಿದ್ದು? ಅದು ಆಸೆಗೆ ಕೊಟ್ಟ ದುಡ್ಡು. ನಲವತ್ತೆಂಟು ವರ್ಷಕ್ಕೆ ಮೊದಲ ಸಲ ಸೀಟಿನ ಪ್ಲಾಸ್ಟಿಕ್ ಕವರ್ ನಾನೇ ಹರಿಯಬೇಕು ಅನ್ನಿಸಿತು. ಅದಕ್ಕೊಂದು ಲೆಕ್ಕ ಬರೆದು ನನ್ನನ್ನೇ ನಂಬಿಸಿಕೊಳ್ಳುವುದು ಬೇಡ.

ಶೋರೂಮಿನವರು ಮರ್ಯಾದೆಯಿಂದ ಮಾತಾಡಿಸಿದರು. ನೀರು, ಕಾಫಿ, ಎಸಿ, ಎಲ್ಲಾ. ಕೊಟೇಶನ್ ಬಂತು, ಆನ್ ರೋಡ್ 7,41,000. ಪೆನ್ನು ತಗೊಂಡು ಸಾಲು ಸಾಲಾಗಿ ಕೇಳುತ್ತಾ ಹೋದೆ. ರೋಡ್ ಟ್ಯಾಕ್ಸಿನಲ್ಲಿ ಯಾರೂ ಏನೂ ಮಾಡುವ ಹಾಗಿಲ್ಲ. ಕರ್ನಾಟಕದಲ್ಲಿ 5 ಲಕ್ಷದಿಂದ 10 ಲಕ್ಷದ ಕಾರಿಗೆ 14 ಪರ್ಸೆಂಟ್, ಅದರ ಮೇಲೆ ಸೆಸ್ಸು. ನನ್ನ ಕಾರಿಗೆ ಅದೇ 90 ಸಾವಿರ ದಾಟಿತ್ತು. ಮುಂದಿನ ಸಾಲು ಇನ್ಶೂರೆನ್ಸ್, 38 ಸಾವಿರ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಲೇಬೇಕು, 2018ರಿಂದ ಹಾಗಿದೆ. ಆದರೆ ಶೋರೂಮಿನಲ್ಲೇ ಮಾಡಿಸಬೇಕು ಅಂತ ಕಾನೂನಿಲ್ಲ. ಹೊರಗೆ ವಿಚಾರಿಸಿದೆ. ಅದೇ ಐಡಿವಿ (ಇನ್ಶೂರೆನ್ಸಿನವರು ಕಾರಿಗೆ ಕಟ್ಟುವ ಬೆಲೆ), ಅದೇ ಜೀರೊ ಡೆಪ್ರಿಸಿಯೇಷನ್ (ಬಿಡಿಭಾಗ ಹಳೇದು ಅಂತ ಕ್ಲೈಮಿನಲ್ಲಿ ದುಡ್ಡು ಕಡಿಯದಿರುವುದು), 29 ಸಾವಿರ. ಕೊಟೇಶನ್ ತೋರಿಸಿದ ತಕ್ಷಣ "ಸರ್, ನಾವೂ ಅಷ್ಟಕ್ಕೇ ಮಾಡ್ಕೊಡ್ತೀವಿ" ಅಂದರು. ಹಾಗಾದರೆ ಆ 9 ಸಾವಿರ ಎಲ್ಲಿಂದ ಬಂದಿತ್ತು ಅಂತ ಕೇಳಲಿಲ್ಲ.

ಹ್ಯಾಂಡ್ಲಿಂಗ್ ಚಾರ್ಜ್ ಅಂತ 6,500. ಏನನ್ನ ಹ್ಯಾಂಡಲ್ ಮಾಡಿದ್ದಕ್ಕೆ ಅಂದೆ. ಮ್ಯಾನೇಜರನ್ನ ಕೇಳ್ಕೊಂಡು ಬರ್ತೀನಿ ಅಂತ ಒಳಗೆ ಹೋದ ಹುಡುಗಿ, ಬರುವಾಗ ಅದನ್ನು ಹೊಡೆದು ಹಾಕಿಕೊಂಡೇ ಬಂದಳು. ಆಮೇಲೆ ಕಿಟ್ ಅಂತ 7,500. ಮ್ಯಾಟು, ಮಡ್ ಫ್ಲ್ಯಾಪು, ಸೀಟ್ ಕವರು, ಕೀ ಚೈನು. ಇವೆಲ್ಲ ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಮೂರು ಸಾವಿರದ ಒಳಗೆ ಆಗುತ್ತವೆ. ಒಟ್ಟು 23 ಸಾವಿರ ಇಳಿದು 7,18,000ಕ್ಕೆ ನಿಂತಿತು. ಒಂದು ಮಾತು. ಆ ಹುಡುಗಿ ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಅವಳದ್ದು ತಪ್ಪಲ್ಲ, ಮೇಲಿನಿಂದ ಹೇಳಿಕೊಟ್ಟಿದ್ದನ್ನು ಹೇಳುತ್ತಿದ್ದಳು.

ಅವರ ಫೈನಾನ್ಸ್ ಡೆಸ್ಕಿನ ಆಟ ಬೇರೆ ಥರ. ಇಲ್ಲಿ ಫ್ಲಾಟ್ ಇಲ್ಲ, ನಿಜವಾದ 9 ಪರ್ಸೆಂಟೇ. ಆದರೆ ಬಾಯಿ ಬಿಟ್ಟರೆ 7 ವರ್ಷ. "5 ಲಕ್ಷಕ್ಕೆ ಬರೀ 8,045 ಸರ್, ದಿನಕ್ಕೆ 270 ರೂಪಾಯಿ. ಒಂದು ಕುಟುಂಬ ಹೋಟ್ಲಿಗೆ ಹೋದ್ರೆ ಆಗಲ್ವಾ?" ನಾನು 5 ವರ್ಷಕ್ಕೆ ಹಾಕಿ ಅಂದೆ. 10,379. ಅಯ್ಯೋ ಜಾಸ್ತಿ ಆಗುತ್ತೆ ಸರ್ ಅಂತ ಅವನ ಮುಖ ಬಾಡಿತು. ಜಾಸ್ತಿ ಎಲ್ಲಿ? 7 ವರ್ಷಕ್ಕೆ ಕಟ್ಟುವ ಬಡ್ಡಿ 1,75,700. 5 ವರ್ಷಕ್ಕೆ 1,22,700. ತಮಾಷೆ ನೋಡಿ. ಯಾರ್ಡಿನ ಹುಡುಗನ 7 ಪರ್ಸೆಂಟ್ ಫ್ಲಾಟಿನಲ್ಲಿ 5 ಲಕ್ಷ ತಗೊಂಡಿದ್ದರೆ ಬಡ್ಡಿ ಆಗುತ್ತಿದ್ದದ್ದು 1,75,000. ಒಬ್ಬ ರೇಟಿನಲ್ಲಿ ತಗೊಳ್ಳುವುದನ್ನು ಇನ್ನೊಬ್ಬ ವರ್ಷದಲ್ಲಿ ತಗೊಳ್ಳುತ್ತಾನೆ.

ಮೂರು ವರ್ಷಕ್ಕೆ ಮಾಡಿದರೆ ಇನ್ನೂ ಉಳಿತಾಯ. ಬಡ್ಡಿ 72 ಸಾವಿರವಷ್ಟೇ. ಆದರೆ ತಿಂಗಳಿಗೆ 15,900 ಕಟ್ಟಬೇಕು. ಮಳೆಗಾಲದಲ್ಲಿ ಅಂಗಡಿಗೆ ದಿನಕ್ಕೆ ಒಂದು ಮೋಟರ್ ಬಂದರೆ ಹೆಚ್ಚು. ಆಗ ಅಷ್ಟು ಎಲ್ಲಿಂದ ತರಲಿ? ಹಾಗಾಗಿ 5 ವರ್ಷಕ್ಕೆ ಹಾಕಿಸುವುದು, ಕೊಬ್ಬರಿ ಮಾರಿದಾಗ ಒಟ್ಟಿಗೇ ಒಂದಿಷ್ಟು ಕಟ್ಟಿ ಬೇಗ ಮುಗಿಸುವುದು. ಇದಕ್ಕೆ ಸಾಲ ಫ್ಲೋಟಿಂಗ್ ಆಗಿರಬೇಕು, ಅಂದರೆ ಬಡ್ಡಿ ದರ ಆಗಾಗ ಬದಲಾಗುವಂಥದ್ದು. ನಮ್ಮಂಥ ವ್ಯಕ್ತಿಗಳು ಸ್ವಂತಕ್ಕೆ ತಗೊಂಡ ಫ್ಲೋಟಿಂಗ್ ಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಯಮ. ಫಿಕ್ಸೆಡ್, ಅಂದರೆ ದರ ಕೊನೇ ತನಕ ಒಂದೇ ಇರುವ ಸಾಲವಾದರೆ ಹಾಕಬಹುದು. ಶೋರೂಮಿನ ಡೆಸ್ಕಿನಲ್ಲಿ ತೋರಿಸಿದ ಸಾಲ ಫಿಕ್ಸೆಡ್. ಮಧ್ಯದಲ್ಲಿ ಕಟ್ಟಿದರೆ 5 ಪರ್ಸೆಂಟ್ ಚಾರ್ಜು, ಅದರ ಮೇಲೆ ಜಿಎಸ್‌ಟಿ. ನನಗೆ ಅದು ಬೇಡವಾಯ್ತು. ಆ ಡೆಸ್ಕಿಗೆ ಐದಕ್ಕೆ ಎರಡೂವರೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕೇಳದೆ ಇದ್ದಿದ್ದರೆ ಕೊಡುತ್ತಿರಲಿಲ್ಲ.

ಕೊನೆಗೆ ನಮ್ಮೂರ ಬ್ಯಾಂಕು. ಇಲ್ಲಿ ಕಾಫಿ ಇಲ್ಲ, ಎಸಿ ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಮಾತ್ರ. ಕೇಳಿದ್ದು ಆಧಾರ್, ಪ್ಯಾನ್, ಎರಡು ವರ್ಷದ ಐಟಿ ರಿಟರ್ನ್, ಆರು ತಿಂಗಳ ಸ್ಟೇಟ್‌ಮೆಂಟು, ಅಂಗಡಿಯ ಉದ್ಯಮ್ ಸರ್ಟಿಫಿಕೇಟು, ಕಾರಿನ ಕೊಟೇಶನ್ನು. ನಮ್ಮಂಥ ಅಂಗಡಿಯವರು ರಿಟರ್ನ್ ಹಾಕುವುದು ಯಾಕೆ ಅಂತ ಗೊಣಗುತ್ತೇವೆ. ಇಲ್ಲಿ ಅದೇ ಕೈ ಹಿಡಿಯಿತು.

ಸಿಬಿಲ್, ಅಂದರೆ ಸಾಲಗಳನ್ನು ಹೇಗೆ ಕಟ್ಟಿದ್ದೇನೆ ಅನ್ನುವ ರಿಪೋರ್ಟು, ನೋಡಿದ ಮೇಲೆ ಫೀಲ್ಡ್ ಆಫೀಸರ್ ಕರೆದರು. "ಸ್ಕೋರು ಸ್ವಲ್ಪ ಕಡಿಮೆ ಇದೆಯಲ್ಲ, 718. ನಿಮ್ಮ ಹೆಸರಲ್ಲಿ ಟ್ರ್ಯಾಕ್ಟರ್ ಲೋನ್ ಬೇರೆ ಇದೆ." ನನಗೆ ಯಾವ ಟ್ರ್ಯಾಕ್ಟರ್ರೂ ಇಲ್ಲ ಸ್ವಾಮಿ ಅಂದೆ. ಆಮೇಲೆ ನೆನಪಾಯ್ತು. ಬಾಮೈದನ ಟ್ರ್ಯಾಕ್ಟರಿಗೆ ಜಾಮೀನು ಹಾಕಿದ್ದೆ. ಅವನು ಎರಡು ಕಂತು ತಡ ಮಾಡಿದ್ದಾನೆ, ನನ್ನ ರಿಪೋರ್ಟಿನಲ್ಲಿ ಬಂದು ಕೂತಿದೆ. ಜಾಮೀನು ಅಂದರೆ ಸಹಿ ಹಾಕಿ ಟೀ ಕುಡಿದು ಬರುವುದು ಅಂದುಕೊಂಡಿದ್ದೆ. ಬಾಮೈದನಿಗೆ ಫೋನ್ ಮಾಡಿದೆ. "ಭಾವ, ಭತ್ತ ಕೊಯ್ಲಾದ ತಕ್ಷಣ..." ಅಂತ ಶುರು ಮಾಡಿದ. ಕೊಯ್ಲು ಆಮೇಲೆ, ನಾಳೆ ಬೆಳಗ್ಗೆ ಕಟ್ಟು ಅಂದೆ. ಕಟ್ಟಿದ. ಆ ರಸೀದಿ ತಗೊಂಡು ಹೋಗಿ ತೋರಿಸಿದ ಮೇಲೆ ಅರ್ಜಿ ಮುಂದೆ ಹೋಯ್ತು. ನೀವು ಕಾರು ನೋಡೋಕೆ ಹೋಗುವ ಮೊದಲೇ ಸಿಬಿಲ್ ತೆಗೆಸಿ ನೋಡಿ. ವರ್ಷಕ್ಕೊಂದು ರಿಪೋರ್ಟು ಬಿಟ್ಟಿ ಕೊಡಬೇಕು ಅಂತ ನಿಯಮವೇ ಇದೆ.

ಇಲ್ಲೂ ಒಂದು ಕಿರಿಕಿರಿ. ಮ್ಯಾನೇಜರು ಒಂದು ಲೈಫ್ ಇನ್ಶೂರೆನ್ಸ್ ಫಾರಂ ಮುಂದಿಟ್ಟರು. ವರ್ಷಕ್ಕೆ 25 ಸಾವಿರ ಪ್ರೀಮಿಯಂ. ಇದು ಮಾಡಿದರೆ ಬೇಗ ಸ್ಯಾಂಕ್ಷನ್ ಆಗುತ್ತೆ ಅನ್ನೋ ಅರ್ಥದಲ್ಲಿ ಮಾತು. ಅವರಿಗೆ ಕನ್ನಡ ಬರಲ್ಲ, ನನ್ನ ಹಿಂದಿ ಅಷ್ಟಕ್ಕಷ್ಟೇ. ಆದರೆ ಆ ಮಾತು ಯಾವ ಭಾಷೆಯಲ್ಲಿ ಹೇಳಿದರೂ ಅರ್ಥ ಆಗುತ್ತದೆ. ಕಡ್ಡಾಯ ಅಂತ ಬರೆದುಕೊಡಿ ಸಾರ್, ಮಾಡಿಸ್ತೀನಿ ಅಂದೆ. ಫಾರಂ ಡ್ರಾಯರಿಗೆ ಹೋಯ್ತು. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಮೊದಲು ಇಂಗ್ಲಿಷಿನಲ್ಲಿ ಕೊಟ್ಟರು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ ಅದೇ ನಿಯಮದಲ್ಲಿದೆ ಅಂತ ನೆನಪಿಸಿದೆ. ಎರಡು ದಿನ ಬಿಟ್ಟು ಕನ್ನಡದ್ದು ಬಂತು. ಅಚ್ಚುಕಟ್ಟಾಗಿತ್ತು. ಬಡ್ಡಿ 9, ಎಪಿಆರ್ ಅದಕ್ಕಿಂತ ಒಂದು ಚೂರು ಮೇಲೆ. ಪ್ರೊಸೆಸಿಂಗ್ ಫೀಸು 1,500, ಜಿಎಸ್‌ಟಿ ಸೇರಿ 1,770. ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಅನ್ನುವ ಸಾಲಿನ ಮುಂದೆ "ಇಲ್ಲ". ಆ ಒಂದು ಪದಕ್ಕೆ ಅಂಗಡಿಗೆ ಬಂದವರಿಗೆಲ್ಲ ಹಾಳೆ ತೋರಿಸಿದ್ದೇನೆ.

ಅರ್ಜಿ ಕೊಟ್ಟ ದಿನದಿಂದ ದುಡ್ಡು ಶೋರೂಮಿಗೆ ಹೋಗುವ ತನಕ 11 ದಿನ, ಐದು ಓಡಾಟ, 37 ಸಹಿ. ಸಹಿ ಎಣಿಸಿದ್ದು ನಮ್ಮನೆಯವರು. ಅವರದ್ದೂ ಅರ್ಧ ಇತ್ತು, ಜೊತೆ ಸಾಲಗಾರರು ಅಂತ. ನಾನು ಕೈಯಿಂದ ಕೊಟ್ಟಿದ್ದು 2,18,000. ಬ್ಯಾಂಕಿಗೆ ಐದಕ್ಕೆ ಮೂರೂವರೆ ಅಂಕ. ಇನ್ಶೂರೆನ್ಸ್ ಫಾರಂ ಮುಂದಿಡದೆ ಇದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ನವೆಂಬರ್ ಎರಡನೇ ವಾರ ಕಾರು ಬಂತು. ಆಲ್ಟೊ ಆರ್‌ಸಿ ಮುಗಿಯೋಕೆ ಆರು ದಿನ ಇತ್ತು. ಕಾರಿನ ಬಗ್ಗೆ ಎರಡೇ ಮಾತು. ಹಿಂದಿನ ಸೀಟು ಮಡಚಿದರೆ ಸಬ್‌ಮರ್ಸಿಬಲ್ ಮೋಟರ್ ಉದ್ದಕ್ಕೆ ಮಲಗುತ್ತದೆ, ಮೊದಲು ಅದಕ್ಕೆ ಆಟೊ ಕರೆಸಬೇಕಿತ್ತು. ತಿಪಟೂರು ತುಮಕೂರು ಓಡಾಟದಲ್ಲಿ 19ರ ಮೇಲೆ ಮೈಲೇಜ್ ಬರುತ್ತಿದೆ.

ಈಗ ಮೂರು ಕಂತು ಕಟ್ಟಿದ್ದೇನೆ. ಮೊದಲ ಕಂತಿನ 10,379ರಲ್ಲಿ 3,750 ಬಡ್ಡಿಗೆ ಹೋಯ್ತು, 6,629 ಅಸಲಿಗೆ. ಪ್ರತಿ ತಿಂಗಳೂ ಬಡ್ಡಿ ಪಾಲು ಐವತ್ತು ರೂಪಾಯಿಯಷ್ಟು ಇಳಿಯುತ್ತಿದೆ. ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) 5.25ಕ್ಕೆ ಇಳಿಸಿತು. ನನ್ನ ಸಾಲ ರೆಪೊಗೆ ಜೋಡಿಸಿದ್ದು, ಮೂರು ತಿಂಗಳಿಗೊಮ್ಮೆ ದರ ಬದಲಾಗಬೇಕು. ಮೊಬೈಲಿಗೆ ಮೆಸೇಜ್ ಇನ್ನೂ ಬಂದಿಲ್ಲ. ಈ ವಾರ ಹೋಗಿ ಕೇಳುತ್ತೇನೆ. ಇಂಥದ್ದೆಲ್ಲ ಕೇಳದಿದ್ದರೆ ತಾನಾಗೇ ಆಗುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ವರ್ಷ ತುಂಬಿದಾಗ ಅಸಲು 4,17,000ಕ್ಕೆ ಇಳಿದಿರುತ್ತದೆ. ಆಗ ಕೊಬ್ಬರಿ ದುಡ್ಡಲ್ಲಿ ಒಂದು ಲಕ್ಷ ಕಟ್ಟಬೇಕು ಅಂತಿದೆ. ಕಂತು ಇಳಿಸ್ತೀರಾ, ತಿಂಗಳು ಇಳಿಸ್ತೀರಾ ಅಂತ ಕೇಳುತ್ತಾರಂತೆ. ತಿಂಗಳು ಇಳಿಸಿ ಅನ್ನಬೇಕು. 48 ತಿಂಗಳು ಉಳಿಯಬೇಕಾದದ್ದು 35ಕ್ಕೆ ಬರುತ್ತದೆ, ಬಡ್ಡಿಯಲ್ಲಿ 36 ಸಾವಿರದ ಮೇಲೆ ಉಳಿಯುತ್ತದೆ. ಕೊಬ್ಬರಿ ಕೈ ಕೊಟ್ಟರೆ ಸುಮ್ನೆ ಕಂತು ಕಟ್ಟಿಕೊಂಡು ಹೋಗುವುದು.

ಎಲ್ಲ ತೀರಿದ ಮೇಲೂ ಒಂದು ಕೆಲಸ ಇದೆ, ಜನ ಮರೆಯುವುದು ಇದನ್ನೇ. ಬ್ಯಾಂಕಿನಿಂದ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35 ತಗೊಂಡು, ಆರ್‌ಟಿಒದಲ್ಲಿ ಹೈಪಾಥಿಕೇಷನ್, ಅಂದರೆ ಆರ್‌ಸಿಯಲ್ಲಿರುವ ಅಡಮಾನದ ನಮೂದು, ತೆಗೆಸಬೇಕು. ಆ ಎನ್‌ಒಸಿಗೆ ಮೂರು ತಿಂಗಳಷ್ಟೇ ಆಯಸ್ಸು. ನಮ್ಮ ಬೀದಿಯಲ್ಲೇ ಒಬ್ಬರು ಸಾಲ ತೀರಿಸಿ ಆರು ವರ್ಷ ಆದ ಮೇಲೆ ಗಾಡಿ ಮಾರಲು ಹೋಗಿ, ಆ ಕಾಗದಕ್ಕಾಗಿ ಎರಡು ತಿಂಗಳು ಅಲೆದರು.

ಆರ್‌ಸಿ ಕಾರ್ಡು ಬಂದ ದಿನ ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೊಮ್ಮಗಳ ಕೈಲಿ ಓದಿಸಿದರು. ನನ್ನ ಹೆಸರು ಬಂತು, ಅಪ್ಪನ ಹೆಸರು ಬಂತು, ಹಿಂಬದಿಯಲ್ಲಿ ಬ್ಯಾಂಕಿನ ಹೆಸರೂ ಬಂತು.

"ಅವರ ಹೆಸರ್ಯಾಕೋ ಇದ್ರಲ್ಲಿ?"

"ಸಾಲ ತೀರೋ ತನಕ ಕಾರು ಅವರದ್ದೂ ಹೌದಮ್ಮ."

ಅಮ್ಮ ಕಾರ್ಡನ್ನು ದೇವರ ಮುಂದೆ ಇಟ್ಟು ಕೈ ಮುಗಿದು, ಈ ಕಡೆ ತಿರುಗಿದರು. "ಕೆಂಪಮ್ಮನ ಗುಡೀಲಿ ಬರೀ ನಿನ್ ಹೆಸರಿಗೆ ಅರ್ಚನೆ ಮಾಡಿಸ್ದಲ್ಲೋ. ಅವರ ನಕ್ಷತ್ರನೂ ಕೇಳ್ಕೊಂಡು ಬರ್ಬಾರ್ದಿತ್ತಾ?"